ಬೆಕ್ಕಿಗೆ ಒಗ್ಗದ ನಾಯಿಯ ಚ್ಯೂ

ನಾಯಿ ಕಡಿದು ಅಗಿಯಲೆಂದು ತಯಾರಿಸುವ ಒಣಚರ್ಮದ ತುಂಡು, ಹಲ್ಲು ಶುಚಿಗೊಳಿಸುವ ಕಡ್ಡಿ ಮುಂತಾದ ತಿನಿಸುಗಳನ್ನು ಅಂಗಡಿಗಳಲ್ಲಿ ‘ಚ್ಯೂ’ ಎಂದು ಕರೆಯುತ್ತಾರೆ. ಬೆಕ್ಕು ಇವನ್ನು ಒಮ್ಮೆ ನೆಕ್ಕಿದ ಮಾತ್ರಕ್ಕೆ ಸಾಮಾನ್ಯವಾಗಿ ತೊಂದರೆಯಾಗದಿದ್ದರೂ, ಅವನ್ನು ಅದಕ್ಕೆ ತಿನ್ನಲು ಕೊಡಬಾರದೆನ್ನುವುದಕ್ಕೆ ಅದರ ಹಲ್ಲಿನ ರಚನೆಯಲ್ಲೂ ರಕ್ತದ ಸ್ವಭಾವದಲ್ಲೂ ಕಾರಣಗಳಿವೆ.

ವಯಸ್ಕ ನಾಯಿಗೆ 42 ಹಲ್ಲುಗಳಿದ್ದರೆ ಬೆಕ್ಕಿಗೆ ಇರುವುದು 30. ಕಡಿಮೆಯಿರುವ 12 ಹಲ್ಲುಗಳೂ ದವಡೆಯ ಹಲ್ಲುಗಳೇ. ನಾಯಿಯ ಹಿಂದವಡೆಯ ಹಲ್ಲುಗಳಿಗೆ ಗಟ್ಟಿ ಪದಾರ್ಥವನ್ನು ಜಜ್ಜಿ ಅರೆಯಬಲ್ಲ ಅಗಲವಾದ ಮೇಲ್ಮೈ ಇದೆ. ಬೆಕ್ಕಿನ ದವಡೆಹಲ್ಲುಗಳಾದರೋ ಕತ್ತರಿಯ ಅಲಗುಗಳಂತೆ ಒಂದರ ಪಕ್ಕ ಒಂದು ಸರಿದು ಮಾಂಸವನ್ನು ತುಂಡರಿಸುತ್ತವೆಯೇ ಹೊರತು ಅರೆಯಲಾರವು. ಆದ್ದರಿಂದ ಗಡುಸಾದ ಚ್ಯೂ ಕಡಿಯುವಾಗ ಬೆಕ್ಕಿನ ಹಲ್ಲು ಮುರಿಯಬಹುದು, ಇಲ್ಲವೇ ಕಿತ್ತುಬಂದ ತುಂಡನ್ನು ಅದು ಹಾಗೆಯೇ ನುಂಗಬಹುದು. ಅದರ ನಾಲಿಗೆಯ ಮೇಲಿನ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುವುದರಿಂದ, ಬಾಯಿಗೆ ಸಿಕ್ಕಿದ್ದನ್ನು ಉಗುಳುವುದೂ ಅದಕ್ಕೆ ಸುಲಭವಲ್ಲ. ದನ ಅಥವಾ ಎಮ್ಮೆಯ ತೊಗಲಿನ ಒಳಪದರದಿಂದ ಮಾಡಿದ ಚರ್ಮದ ಚ್ಯೂ ಒದ್ದೆಯಾದಾಗ ಉಬ್ಬುತ್ತದೆ ಮತ್ತು ನಿಧಾನವಾಗಿ ಜೀರ್ಣವಾಗುತ್ತದೆ. ಅಂಥ ತುಂಡು ಬೆಕ್ಕಿನ ಕಿರಿದಾದ ಕರುಳಿನಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಎರಡನೆಯ ಅಪಾಯ ಕಣ್ಣಿಗೆ ಕಾಣದಂಥದು. ಕೆಲವು ಮೆದು ತಿನಿಸುಗಳು ಒಣಗದಿರಲೆಂದು ಬೆರೆಸುವ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ನಾಯಿಯ ದೇಹ ಸಹಿಸಿಕೊಳ್ಳುತ್ತದೆಯಾದರೂ, ಬೆಕ್ಕಿನ ಕೆಂಪು ರಕ್ತಕಣಗಳಿಗೆ ಅದು ಹಾನಿ ಮಾಡುತ್ತದೆ. ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಪ್ರೋಟೀನಿನಲ್ಲಿ ಉತ್ಕರ್ಷಣೆಗೆ ಬೇಗ ತುತ್ತಾಗುವ ಗಂಧಕದ ಗುಂಪುಗಳು ಮನುಷ್ಯನಲ್ಲಿ 2, ನಾಯಿಯಲ್ಲಿ 4 ಇದ್ದರೆ ಬೆಕ್ಕಿನಲ್ಲಿ 8 ಇವೆ. ಹಾನಿಗೊಂಡ ಹಿಮೋಗ್ಲೋಬಿನ್ ರಕ್ತಕಣದೊಳಗೆ ‘ಹೈಂಜ್ ಕಾಯ’ಗಳೆಂಬ ಉಂಡೆಗಳಾಗಿ ಗಂಟುಕಟ್ಟುವುದರಿಂದ ಆ ಕಣಗಳ ಆಯುಸ್ಸು ಕುಗ್ಗುತ್ತದೆ. ಈ ಕಾರಣದಿಂದಲೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1996ರಲ್ಲಿ ಬೆಕ್ಕಿನ ಆಹಾರದಲ್ಲಿ ಈ ದ್ರವದ ಬಳಕೆಯನ್ನು ನಿಷೇಧಿಸಿತು. ರುಚಿಗಾಗಿ ಸೇರಿಸುವ ಈರುಳ್ಳಿ, ಬೆಳ್ಳುಳ್ಳಿ ಪುಡಿಗಳಲ್ಲಿರುವ ಗಂಧಕದ ಸಂಯುಕ್ತಗಳೂ ಇದೇ ಬಗೆಯ ಹಾನಿಯನ್ನು ಮಾಡಿ, ಪ್ರಮಾಣ ಹೆಚ್ಚಾದರೆ ರಕ್ತಹೀನತೆಯನ್ನು ತರುತ್ತವೆ.

ಪೋಷಣೆಯ ದೃಷ್ಟಿಯಿಂದಲೂ ಚ್ಯೂ ಬೆಕ್ಕಿಗೆ ತಕ್ಕ ಆಹಾರವಲ್ಲ. ಕಣ್ಣು ಮತ್ತು ಹೃದಯಕ್ಕೆ ಅಗತ್ಯವಾದ ಟಾರಿನ್ ಎಂಬ ಅಮೈನೋ ಆಮ್ಲವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಆಹಾರದಿಂದಲೇ ದೊರೆಯಬೇಕು. ನಾಯಿಯ ತಿನಿಸನ್ನು ತಯಾರಿಸುವಾಗ ಈ ಅಗತ್ಯವನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಅಲ್ಲದೆ 4 ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕಿಲೊಕ್ಯಾಲೊರಿ ಸಾಕಾಗುವುದರಿಂದ, ದೊಡ್ಡ ನಾಯಿಗೆಂದು ಮಾಡಿದ ಒಂದೇ ಚ್ಯೂ ಅದರ ಆಹಾರದ ಅಳತೆಯನ್ನು ತಪ್ಪಿಸಬಲ್ಲದು.

ಬೆಕ್ಕು ಚ್ಯೂ ತಿಂದುಬಿಟ್ಟಿದ್ದರೆ ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿಯನ್ನು ಮೊದಲು ಓದಬೇಕು. ಮತ್ತೆ ಮತ್ತೆ ವಾಂತಿ, ಜೊಲ್ಲು ಸುರಿಯುವುದು, ಊಟ ಬಿಡುವುದು, ಮಲಬದ್ಧತೆ, ಒಸಡು ಬಿಳಿಚಿಕೊಳ್ಳುವುದು ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಕೈಹಾಕದೆ, ಆ ಪೊಟ್ಟಣದ ಸಮೇತ ಪಶುವೈದ್ಯರಲ್ಲಿಗೆ ಕರೆದೊಯ್ಯುವುದು ಲೇಸು. ಬೆಕ್ಕಿನ ಹಲ್ಲಿನ ಶುಚಿಗೆ ಏನಾದರೂ ಕೊಡಲೇಬೇಕೆಂದಿದ್ದರೆ, ಬೆಕ್ಕಿಗೆಂದೇ ತಯಾರಿಸಿದ ತಿನಿಸನ್ನೇ ಆರಿಸಿಕೊಳ್ಳಬೇಕು.