ಮೀಸಲು ಸರ್ವರಿನ ಬ್ಯಾಂಡ್‌ವಿಡ್ತ್

ಮೀಸಲು ಸರ್ವರಿನ ಬ್ಯಾಂಡ್‌ವಿಡ್ತ್ ಎಂದರೆ ಒಬ್ಬನೇ ಗ್ರಾಹಕನಿಗೆ ಬಾಡಿಗೆಗೆ ಕೊಡಲಾದ ಡೆಡಿಕೇಟೆಡ್ ಸರ್ವರ್ ಮತ್ತು ಅಂತರಜಾಲದ ನಡುವೆ ಒಂದು ಸೆಕೆಂಡಿನಲ್ಲಿ ಸಾಗಬಲ್ಲ ದತ್ತಾಂಶದ ಗರಿಷ್ಠ ಪ್ರಮಾಣ. ಹೋಸ್ಟಿಂಗ್ ಸಂಸ್ಥೆಗಳ ದರಪಟ್ಟಿಗಳಲ್ಲಿ ಇದೇ ಪದವನ್ನು ತಿಂಗಳ ಒಟ್ಟು ದತ್ತಾಂಶ ವರ್ಗಾವಣೆಗೂ ಬಳಸುವುದುಂಟು. ಇವು ಎರಡು ಬೇರೆ ಅಳತೆಗಳು. ಯೋಜನೆಗಳ ಆಯ್ಕೆಯಲ್ಲಿ ಉಂಟಾಗುವ ಗೊಂದಲಕ್ಕೆ ಬಹುಮಟ್ಟಿಗೆ ಇದೇ ಕಾರಣ.

ವೇಗ ಮತ್ತು ಪ್ರಮಾಣ

ಪೋರ್ಟಿನ ವೇಗವನ್ನು ಬಿಟ್‌ಗಳಲ್ಲಿಯೂ ವರ್ಗಾವಣೆಯನ್ನು ಬೈಟ್‌ಗಳಲ್ಲಿಯೂ ಅಳೆಯಲಾಗುತ್ತದೆ. 8 ಬಿಟ್‌ಗಳಿಗೆ ಒಂದು ಬೈಟ್ ಆದ್ದರಿಂದ 100 ಮೆಗಾಬಿಟ್ ಪೋರ್ಟಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಸಾಗುತ್ತದೆ. 30 ದಿನ ಎಡೆಬಿಡದೆ ಹರಿದರೆ 32.4 ಟೆರಾಬೈಟ್ ಆಗುತ್ತದೆ. 1 ಗಿಗಾಬಿಟ್ ಪೋರ್ಟಿನೊಂದಿಗೆ ತಿಂಗಳಿಗೆ 10 ಟೆರಾಬೈಟ್ ಮಿತಿ ಇದ್ದರೆ, ಪೂರ್ಣ ವೇಗದ ಬಳಕೆಯಲ್ಲಿ ಆ ಮಿತಿ ಸುಮಾರು 22 ಗಂಟೆಗಳಲ್ಲೇ ಮುಗಿಯುತ್ತದೆ.

ಫಲಿತಾಂಶದ ದಿನದ ಲೆಕ್ಕ

ಕರ್ನಾಟಕದಲ್ಲಿ ಪ್ರತಿವರ್ಷ ಎಂಟು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆಯುತ್ತಾರೆ. ಫಲಿತಾಂಶವು ರಾಷ್ಟ್ರೀಯ ಮಾಹಿತಿ ಕೇಂದ್ರದ ಜಾಲತಾಣದಲ್ಲಿ ಪ್ರಕಟವಾಗುತ್ತದೆ. ಇದು ಬಾಡಿಗೆ ಸರ್ವರಿನ ನಿದರ್ಶನವಲ್ಲ, ಆದರೆ ಲೆಕ್ಕ ಒಂದೇ. ಅಂಕಪಟ್ಟಿಯ ಪುಟವೊಂದು 20 ಕಿಲೋಬೈಟ್ ಇದೆ ಎಂದುಕೊಂಡರೆ ಎಂಟು ಲಕ್ಷ ವೀಕ್ಷಣೆಗಳಿಗೆ ಬೇಕಾಗುವುದು ಕೇವಲ 16 ಗಿಗಾಬೈಟ್. ಯಾವ ಅಗ್ಗದ ಯೋಜನೆಯ ಮಾಸಿಕ ಮಿತಿಗೂ ಇದು ಲೆಕ್ಕಕ್ಕಿಲ್ಲ. ಆದರೆ ಅರ್ಧದಷ್ಟು ಮಂದಿ ಮೊದಲ ಐದು ನಿಮಿಷಗಳಲ್ಲೇ ಪುಟ ತೆರೆದರೆ ಸೆಕೆಂಡಿಗೆ ಸುಮಾರು 213 ಮೆಗಾಬಿಟ್ ಬೇಕು, ಅಂದರೆ 100 ಮೆಗಾಬಿಟ್ ಪೋರ್ಟ್ ಸಾಲದು. ಉತ್ತರ ಬಾರದಿದ್ದಾಗ ಜನರು ಪುಟವನ್ನು ಮತ್ತೆ ಮತ್ತೆ ತೆರೆಯುವುದರಿಂದ ಒತ್ತಡ ಇನ್ನೂ ಏರುತ್ತದೆ. ಚಿತ್ರಗಳಿಂದ ಪುಟ 2 ಮೆಗಾಬೈಟ್‌ಗೆ ಬೆಳೆದರೆ ಅಗತ್ಯ 21 ಗಿಗಾಬಿಟ್ ದಾಟುತ್ತದೆ. ಹೀಗಾಗಿ ಪೋರ್ಟ್ ಹಿಗ್ಗಿಸುವುದಕ್ಕಿಂತ ಪುಟವನ್ನು ಹಗುರಗೊಳಿಸುವುದು ಅನೇಕ ವೇಳೆ ಲಾಭದಾಯಕ.

ದರದ ವಿಧಾನಗಳು

ಮಿತಿ ಮೀರಿದ ಪ್ರತಿ ಗಿಗಾಬೈಟಿಗೆ ಹಣ ಪಡೆಯುವುದು ಒಂದು ಕ್ರಮ. ಅನ್‌ಮೀಟರ್ಡ್ ಯೋಜನೆಯಲ್ಲಿ ಪ್ರಮಾಣವನ್ನು ಎಣಿಸುವುದಿಲ್ಲ, ಪೋರ್ಟಿನ ವೇಗವೇ ಮಿತಿ. ಆ ಪೋರ್ಟ್ ಹಂಚಿಕೆಯದೋ ಖಾತರಿಯದೋ ಎಂಬುದನ್ನು ಒಪ್ಪಂದದಲ್ಲಿ ನೋಡಬೇಕಾಗುತ್ತದೆ. ಮೂರನೆಯದು 95ನೇ ಶತಮಾನಕದ ವಿಧಾನ. ಇದರಲ್ಲಿ ಐದು ನಿಮಿಷಕ್ಕೊಮ್ಮೆ ಬಳಕೆಯನ್ನು ದಾಖಲಿಸಿ, 30 ದಿನಗಳ 8,640 ದಾಖಲೆಗಳಲ್ಲಿ ಅತ್ಯಧಿಕವಾದ 432 ಅನ್ನು ಕೈಬಿಟ್ಟು, ಉಳಿದವುಗಳಲ್ಲಿ ಗರಿಷ್ಠವಾದುದಕ್ಕೆ ದರ ವಿಧಿಸಲಾಗುತ್ತದೆ. ತಿಂಗಳಿಗೆ ಒಟ್ಟು 36 ಗಂಟೆಗಳ ಏರಿಕೆಗೆ ಶುಲ್ಕವಿಲ್ಲದಿರುವುದರಿಂದ ಫಲಿತಾಂಶದಂಥ ಒಂದೆರಡು ದಿನಗಳ ನೂಕುನುಗ್ಗಲಿಗೆ ಇದು ಹೊಂದುತ್ತದೆ. ನಿತ್ಯವೂ ಸಂಜೆ ಎರಡು ಗಂಟೆ ದಟ್ಟಣೆ ಇರುವ ತಾಣಕ್ಕೆ ಮಾತ್ರ ದುಬಾರಿ: ತಿಂಗಳಿಗೆ 60 ಗಂಟೆಯಾಗುತ್ತದೆ.

ದೂರ ಮತ್ತು ವಿಳಂಬ

ಬ್ಯಾಂಡ್‌ವಿಡ್ತ್ ಹೆಚ್ಚಿಸಿದರೂ ದೂರದಿಂದಾಗುವ ವಿಳಂಬ ತಗ್ಗದು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಹುಣಸೂರು ತಾಲ್ಲೂಕಿನ ಬಿಳಿಕೆರೆಯ ಬಳಕೆದಾರನಿಗೆ ಬೆಂಗಳೂರಿನ ಸರ್ವರ್ ತಂತುವಿನಲ್ಲಿ ಕೆಲವೇ ಮಿಲಿಸೆಕೆಂಡುಗಳ ದೂರದಲ್ಲಿದ್ದರೆ, ಯೂರೋಪಿನ ಸರ್ವರಿನಿಂದ ಮರುತ್ತರಕ್ಕೆ ಸಾಮಾನ್ಯವಾಗಿ ನೂರಕ್ಕೂ ಹೆಚ್ಚು ಮಿಲಿಸೆಕೆಂಡು ಹಿಡಿಯುತ್ತದೆ. ದೇಶದೊಳಗಿನ ಸಂಚಾರ ವಿದೇಶ ಸುತ್ತಿ ಬರುವುದನ್ನು ತಪ್ಪಿಸಲು 2003ರಲ್ಲಿ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿಯೂ ಅದರ ವಿನಿಮಯ ಕೇಂದ್ರವಿದೆ.