ಹಳೆಯ ಚಿತ್ರ, ಹೊಸ ಡಿಸ್ಕ್: ಕರಾವಳಿಯ ಸಂಗ್ರಾಹಕರ ಊಹೆಗೆ ಆಧಾರವೆಷ್ಟು?

ಭಟ್ಕಳದಿಂದ ಹೊನ್ನಾವರವನ್ನು ಹಾದು ಕುಮಟಾ ತಲುಪುವ ಕರಾವಳಿಯ ಪಟ್ಟಣಗಳಲ್ಲಿ ಒಂದು ಕಾಲಕ್ಕೆ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿಗಳಿಗೆ ಬರವಿರಲಿಲ್ಲ. 1980ರ ದಶಕದಲ್ಲಿ ಕೊಲ್ಲಿ ರಾಷ್ಟ್ರಗಳಿಂದ ರಜೆಗೆ ಮರಳುತ್ತಿದ್ದವರ ಸಾಮಾನಿನ ನಡುವೆ ವಿಸಿಆರ್ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿತ್ತು. ಕ್ಯಾಸೆಟ್ ಹೋಗಿ ವಿಸಿಡಿ ಬಂತು, ಅದರ ಬೆನ್ನಿಗೇ ಡಿವಿಡಿ ಬಂತು. ಮೊಬೈಲ್ ಬಂದ ಮೇಲೆ ಅಂಗಡಿಗಳೇ ಹೋದವು. ಹೋಗುವಾಗ ಕಡಿಮೆ ಬೆಲೆಗೆ ಮಾರಿದ ಡಿಸ್ಕ್‌ಗಳನ್ನು ಕೊಂಡು ಜೋಪಾನ ಮಾಡಿದವರು ಇಂದು ಸಂಗ್ರಾಹಕರೆನಿಸಿಕೊಂಡಿದ್ದಾರೆ. ಇಂಥ ಇಬ್ಬರು ಕೂಡಿದೆಡೆ ಏಳುವ ಪ್ರಶ್ನೆ ಒಂದೇ: ಕನ್ನಡದ ಯಾವ ಹಳೆಯ ಚಿತ್ರ ಒಳ್ಳೆಯ ಡಿಸ್ಕ್ ಆಗಿ ಹೊರಬಂದೀತು?

‘ಒಳ್ಳೆಯ ಡಿಸ್ಕ್’ ಎಂದರೆ ಇಲ್ಲಿ ಹೊರದೇಶಗಳ ಸಣ್ಣ ಪ್ರಕಾಶನ ಸಂಸ್ಥೆಗಳು ತರುವ ಬಗೆಯದು. ಮೂಲ ನೆಗೆಟಿವ್‌ನಿಂದ ಹೊಸದಾಗಿ ತೆಗೆದ ಪ್ರತಿ, ಶುದ್ಧಗೊಳಿಸಿದ ಧ್ವನಿ, ಸರಿಯಾದ ಉಪಶೀರ್ಷಿಕೆ, ಚಿತ್ರದ ಹಿನ್ನೆಲೆ ತಿಳಿಸುವ ಪುಸ್ತಿಕೆ, ಬೆನ್ನಿನ ಮೇಲೆ ಕ್ರಮಸಂಖ್ಯೆ. ಅಮೆರಿಕದ ಕ್ರೈಟೀರಿಯನ್ 1984ರಿಂದ ಈ ಕೆಲಸದಲ್ಲಿದೆ. ಬ್ರಿಟನ್ನಿನಲ್ಲಿ ಮಾಸ್ಟರ್ಸ್ ಆಫ್ ಸಿನಿಮಾ, ಸೆಕೆಂಡ್ ರನ್ ಮೊದಲಾದವು ಇವೆ. ದೊಡ್ಡ ಕಂಪನಿಗಳು ಮರೆತುಬಿಟ್ಟ ಚಿತ್ರಗಳನ್ನು ಕೆಲವೇ ಸಾವಿರ ಪ್ರತಿಗಳಲ್ಲಿ ಆಸಕ್ತರಿಗೆ ಮುಟ್ಟಿಸುವುದು ಇವುಗಳ ಕಸುಬು. ಮದರಾಸಿನ ಜೆಮಿನಿ ಸ್ಟುಡಿಯೊದಲ್ಲಿ ತಯಾರಾದ ಉದಯ ಶಂಕರ್ ಅವರ ‘ಕಲ್ಪನಾ’ (1948) ದಶಕಗಳ ಕಾಲ ಅಜ್ಞಾತವಾಸದಲ್ಲಿದ್ದು, 2022ರಲ್ಲಿ ಕ್ರೈಟೀರಿಯನ್ ತಂದ ಮಾರ್ಟಿನ್ ಸ್ಕಾರ್ಸೇಸಿ ಅವರ ವಿಶ್ವ ಸಿನಿಮಾ ಯೋಜನೆಯ ನಾಲ್ಕನೆಯ ಸಂಪುಟದಲ್ಲಿ ಸೇರಿತು. ಮದರಾಸಿನ ಸ್ಟುಡಿಯೊ ಚಿತ್ರವೊಂದಕ್ಕೆ ಈ ಭಾಗ್ಯ ಒದಗಿತೆಂದ ಮೇಲೆ, ಅದೇ ಊರಿನಲ್ಲಿ ಹುಟ್ಟಿದ ಕನ್ನಡ ಚಿತ್ರಗಳಿಗೆ ಏಕೆ ಒದಗಬಾರದು ಎಂಬ ವಾದ ಅಸಂಗತವೇನಲ್ಲ.

ಈ ಮೂರು ತಾಲೂಕುಗಳ ಮಟ್ಟಿಗೆ ಮಾತು ಬೇಗ ನಾಗ್ ಸಹೋದರರತ್ತ ತಿರುಗುತ್ತದೆ. ಶಂಕರ್ ನಾಗ್ ಹುಟ್ಟಿದ್ದು ಹೊನ್ನಾವರದಲ್ಲಿ, 1954ರ ನವೆಂಬರ್ 9ರಂದು. ಅಣ್ಣ ಅನಂತ್ ನಾಗ್ ಅವರ ಬಾಲ್ಯದ ಓದಿನ ಒಂದು ಭಾಗ ಭಟ್ಕಳ ತಾಲೂಕಿನ ಶಿರಾಲಿಯ ಚಿತ್ರಾಪುರ ಮಠದಲ್ಲಿ ನಡೆಯಿತು. ಅನಂತ್ ನಾಗ್ ನಟಿಸಿದ ಶ್ಯಾಮ್ ಬೆನೆಗಲ್ ಅವರ ‘ಮಂಥನ್’ (1976) ಪುನರುಜ್ಜೀವಗೊಂಡು 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಅದೇ ವರ್ಷ ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ವೆನಿಸ್ ಚಿತ್ರೋತ್ಸವದ ಶ್ರೇಷ್ಠಕೃತಿಗಳ ವಿಭಾಗದಲ್ಲಿ ಪ್ರದರ್ಶನಗೊಂಡಿತು. ಎರಡೂ ಚಿತ್ರಗಳ ಹಿಂದೆ ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇತ್ತು. ಈ ಎರಡು ಸುದ್ದಿಗಳ ನಂತರ ಸಂಗ್ರಾಹಕರ ಊಹೆಗಳಿಗೆ ಹೊಸ ಕಸುವು ಬಂದಿದೆ.

ಊಹೆಯ ಪಟ್ಟಿಯ ತುದಿಯಲ್ಲಿ ಸಾಮಾನ್ಯವಾಗಿ ‘ಒಂದಾನೊಂದು ಕಾಲದಲ್ಲಿ’ (1978) ಇರುತ್ತದೆ. ಗಿರೀಶ ಕಾರ್ನಾಡರು ಜಪಾನಿನ ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಪ್ರಭಾವವನ್ನು ಒಪ್ಪಿಕೊಂಡೇ ನಿರ್ದೇಶಿಸಿದ ಈ ಚಿತ್ರ ಶಂಕರ್ ನಾಗ್ ಅವರಿಗೆ 1979ರ ದೆಹಲಿ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ತಂದಿತು. ಕುರೊಸಾವಾ ಅವರ 25 ಚಿತ್ರಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು 2009ರಲ್ಲಿ ಮಾರಿದ ಸಂಸ್ಥೆಗೆ ಈ ಕನ್ನಡದ ತಮ್ಮನನ್ನು ಪರಿಚಯಿಸುವುದು ಕಷ್ಟವೇ ಎಂಬುದು ವಾದ. ನಂತರದ ಸಾಲಿನಲ್ಲಿ ಶಂಕರ್ ನಾಗ್ ನಿರ್ದೇಶನದ ಮೊದಲ ಚಿತ್ರ ‘ಮಿಂಚಿನ ಓಟ’ (1980), ಬಳಿಕ ‘ಆಕ್ಸಿಡೆಂಟ್’, ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ (1975). ಹಿರಿಯರು ಇನ್ನೂ ಹಿಂದಕ್ಕೆ ಹೋಗಿ ಎನ್. ಲಕ್ಷ್ಮೀನಾರಾಯಣ ಅವರ ‘ನಾಂದಿ’ಯನ್ನೂ (1964) ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ಯನ್ನೂ (1964) ಹೆಸರಿಸುವುದುಂಟು. ಶಂಕರ್ ನಾಗ್ ದೂರದರ್ಶನಕ್ಕೆ ಮಾಡಿದ ‘ಮಾಲ್ಗುಡಿ ಡೇಸ್’ ಡಿವಿಡಿಯಾಗಿ ಮನೆ ಮನೆ ತಲುಪಿದೆ. ಅದೇ ಕೈ ತೆರೆಗೆ ಮಾಡಿದ ಕೆಲಸಕ್ಕೆ ಅಂಥ ಯೋಗ ಕೂಡಿಬಂದಿಲ್ಲ ಎಂಬ ಕೊರಗಿನಲ್ಲಿ ಹುರುಳಿದೆ.

ಪಟ್ಟಿ ಹಾಕುವುದೇನೋ ಸುಲಭ. ಯಾವ ಚಿತ್ರ ಹೊರಬರುತ್ತದೆ ಎಂಬುದನ್ನು ಅದರ ಯೋಗ್ಯತೆ ನಿರ್ಧರಿಸುವುದು ಕೊನೆಗೆ. ಮೊದಲು ನಿರ್ಧರಿಸುವುದು ನೆಗೆಟಿವ್ ಎಲ್ಲಿದೆ ಎಂಬ ಸಂಗತಿ.

ನೆಗೆಟಿವ್ ಎಂಬ ಮೊದಲ ಬಾಗಿಲು

1970ರ ದಶಕದವರೆಗೆ ಕನ್ನಡ ಚಿತ್ರಗಳಲ್ಲಿ ಬಹುಪಾಲಿನ ಸಂಸ್ಕರಣೆ ಮದರಾಸಿನ ಲ್ಯಾಬ್‌ಗಳಲ್ಲಿ ನಡೆಯುತ್ತಿತ್ತು. ಬಿಡುಗಡೆಗೆ ಬೇಕಾದ ಪ್ರಿಂಟುಗಳನ್ನು ತೆಗೆದ ಮೇಲೆ ನೆಗೆಟಿವ್ ಅಲ್ಲಿಯೇ ಉಳಿಯುತ್ತಿತ್ತು. ನಿರ್ಮಾಪಕ ಸಾಲ ತಂದಿದ್ದರೆ ಆ ನೆಗೆಟಿವ್ವೇ ಅಡಮಾನ. ಸಾಲಿಗನ ಒಪ್ಪಿಗೆಯಿಲ್ಲದೆ ಅದನ್ನು ಕೊಡುವುದಿಲ್ಲವೆಂದು ಲ್ಯಾಬ್ ಪತ್ರ ಬರೆದುಕೊಡುತ್ತಿತ್ತು. ಚಿತ್ರ ಸೋತರೆ ನಿರ್ಮಾಪಕ ಅತ್ತ ತಲೆ ಹಾಕುತ್ತಿರಲಿಲ್ಲ, ದಾಸ್ತಾನಿನ ಬಾಡಿಗೆ ಏರುತ್ತಿತ್ತು. ಡಿಜಿಟಲ್ ಯುಗದಲ್ಲಿ ಲ್ಯಾಬ್‌ಗಳು ಒಂದೊಂದಾಗಿ ಬಾಗಿಲು ಹಾಕಿದಾಗ ವಾರಸುದಾರರಿಲ್ಲದ ಡಬ್ಬಿಗಳ ಗತಿ ಊಹಿಸಬಹುದು. ಓಡಿ ಮುಗಿದ ಪ್ರಿಂಟುಗಳಂತೂ ಅವುಗಳಲ್ಲಿದ್ದ ಬೆಳ್ಳಿಯ ಅಂಶಕ್ಕಾಗಿ ಕರಗಿಸಲ್ಪಟ್ಟವು.

ಕನ್ನಡದ ನಷ್ಟ ಮೊದಲ ಅಧ್ಯಾಯದಿಂದಲೇ ಆರಂಭವಾಗುತ್ತದೆ. 1934ರ ಮಾರ್ಚ್ 3ರಂದು ತೆರೆಕಂಡ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದೇ 1964ರಲ್ಲಿ, ಅಂದರೆ ಮೂವತ್ತು ವರ್ಷಗಳ ತರುವಾಯ.

ಆ ಸಂಗ್ರಹಾಲಯದ ಬೆಲೆ ಎಷ್ಟೆಂಬುದನ್ನು ಇತ್ತೀಚಿನ ಪುನರುಜ್ಜೀವನಗಳೇ ತೋರಿಸಿವೆ. ‘ಘಟಶ್ರಾದ್ಧ’ದ ಮೂಲ ನೆಗೆಟಿವ್ ಅಲ್ಲಿ ಉಳಿದಿದ್ದರಿಂದಲೇ ಕೆಲಸ ಸಾಧ್ಯವಾಯಿತು. ‘ಮಂಥನ್’ನ ಚಿತ್ರದ ನೆಗೆಟಿವ್ ಇತ್ತು, ಧ್ವನಿಯ ನೆಗೆಟಿವ್ ಇರಲಿಲ್ಲ, ಧ್ವನಿಯನ್ನು ಪ್ರಿಂಟೊಂದರಿಂದ ಎತ್ತಬೇಕಾಯಿತು. ಅರವಿಂದನ್ ಅವರ ಮಲಯಾಳ ಚಿತ್ರ ‘ಕುಮ್ಮಾಟಿ’ಗೆ (1979) ನೆಗೆಟಿವ್ವೇ ಇರಲಿಲ್ಲ; ಎರಡು ಹಳೆಯ ಪ್ರಿಂಟುಗಳನ್ನು ಹೊಂದಿಸಿ ಚಿತ್ರವನ್ನು ಮರಳಿ ಕಟ್ಟಲಾಯಿತು. ಮೂರೂ ಪ್ರಕರಣಗಳಲ್ಲಿ ಯಾರೋ ಒಬ್ಬರು, ಆಗ ಯಾರೂ ಕೇಳದಿದ್ದಾಗಲೂ, ಡಬ್ಬಿಗಳನ್ನು ಎಸೆಯದೆ ಇಟ್ಟಿದ್ದರು.

ಈ ಇಟ್ಟುಕೊಳ್ಳುವ ಕೆಲಸದ ಹಿರಿಯ ಪಿ.ಕೆ. ನಾಯರ್ ಅವರ ನಂಟು ಕರಾವಳಿಗೆ ತೀರಾ ದೂರದ್ದಲ್ಲ. ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟ ಹತ್ತಿ ಸಾಗರ ತಾಲೂಕಿನ ಹೆಗ್ಗೋಡಿಗೆ ಹೋದರೆ ಅಲ್ಲಿ ಕೆ.ವಿ. ಸುಬ್ಬಣ್ಣ ಕಟ್ಟಿದ ನೀನಾಸಮ್ ಇದೆ. ಅದರ ಚಿತ್ರಸಮಾಜ 1973ರಲ್ಲಿ ಹುಟ್ಟಿತು. ಪುಣೆಯ ಸಂಗ್ರಹಾಲಯದಿಂದ ಬಂದ ರೀಲುಗಳನ್ನು ಅಡಿಕೆ ತೋಟಗಳ ನಡುವಿನ ಜನ ಕುಳಿತು ನೋಡಿದರು, ಅವುಗಳ ಮೇಲೆ ಚರ್ಚಿಸಿದರು. ನಾಯರ್ ಅವರನ್ನು ಕುರಿತ ಸಾಕ್ಷ್ಯಚಿತ್ರ ‘ಸೆಲ್ಯುಲಾಯ್ಡ್ ಮ್ಯಾನ್’ನಲ್ಲಿ (2012) ಹೆಗ್ಗೋಡಿನ ಈ ಪ್ರೇಕ್ಷಕರೂ ಕಾಣಿಸಿಕೊಂಡಿದ್ದಾರೆ.

ಹಕ್ಕಿನ ಗಂಟು

ನೆಗೆಟಿವ್ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಎರಡನೆಯ ಬಾಗಿಲು ಹಕ್ಕಿನದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಚಲನಚಿತ್ರದ ಹಕ್ಕು ಬಿಡುಗಡೆಯಾದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಈ ಲೆಕ್ಕದಲ್ಲಿ 1964ರ ‘ಜಕಣಾಚಾರಿ’ ಮತ್ತು ‘ನಾಂದಿ’ಗಳ ಅವಧಿ 2024ರ ಡಿಸೆಂಬರ್ 31ಕ್ಕೆ ಮುಗಿದಿದೆ. ಇದನ್ನು ಕೇಳಿ ಹಿಗ್ಗುವ ಸಂಗ್ರಾಹಕರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಹಾಡು, ಕಥೆ, ಸಂಭಾಷಣೆಗಳ ಹಕ್ಕು ಬೇರೆ. ಅದು ಬರೆದವರ ಮರಣಾನಂತರವೂ 60 ವರ್ಷ ಉಳಿಯುತ್ತದೆ. ಇನ್ನು ಹಕ್ಕಿನ ಅವಧಿ ಮುಗಿದ ಮಾತ್ರಕ್ಕೆ ನೆಗೆಟಿವ್ ಇರುವ ಡಬ್ಬಿಯನ್ನು ಯಾರೂ ತಂದುಕೊಡುವುದಿಲ್ಲ.

1970, 80ರ ದಶಕದ ಚಿತ್ರಗಳ ಸ್ಥಿತಿ ಇನ್ನೂ ಜಟಿಲ. ಹಕ್ಕು ಜೀವಂತವಿದೆ, ಯಾರಲ್ಲಿದೆ ಎಂಬುದೇ ಪ್ರಶ್ನೆ. ಹಂಚಿಕೆ ಒಬ್ಬರಿಗೆ, ಹಾಡು ಇನ್ನೊಬ್ಬರಿಗೆ, ಮುಂದೆ ವಿಡಿಯೊ ಮತ್ತೊಬ್ಬರಿಗೆ, ಉಪಗ್ರಹ ಪ್ರಸಾರ ಮಗದೊಬ್ಬರಿಗೆ ಎಂದು ತುಂಡು ತುಂಡಾಗಿ ಮಾರಿದ್ದುಂಟು. ಅಂದಿನ ಕರಾರು ಪತ್ರಗಳಲ್ಲಿ ‘ವಿಡಿಯೊ’ ಎಂಬ ಶಬ್ದವೇ ಇಲ್ಲದಿದ್ದರೆ ಆ ಹಕ್ಕು ನಿರ್ಮಾಪಕನ ಮಕ್ಕಳದೋ ನೆಗೆಟಿವ್ ಕೊಂಡವನದೋ ಎಂಬುದನ್ನು ಕೋರ್ಟು ಹೇಳಬೇಕು. ಕೆಲವೇ ಸಾವಿರ ಪ್ರತಿ ಮಾರುವ ಸಂಸ್ಥೆ ವಕೀಲರ ಶುಲ್ಕ ಕೊಟ್ಟು ಈ ಗಂಟು ಬಿಚ್ಚುತ್ತಾ ಕೂರುವುದಿಲ್ಲ. ಹಕ್ಕುಪತ್ರ ಅಚ್ಚುಕಟ್ಟಾಗಿರುವ ಸಾಧಾರಣ ಚಿತ್ರ, ಹಕ್ಕು ಗೋಜಲಾಗಿರುವ ಶ್ರೇಷ್ಠ ಚಿತ್ರಕ್ಕಿಂತ ಮೊದಲು ಡಿಸ್ಕ್ ಆಗುವುದು ಇದೇ ಕಾರಣಕ್ಕೆ.

ಸ್ವದೇಶಿ ಮಾರುಕಟ್ಟೆಯ ಕಥೆ ಬೇಗ ಹೇಳಿ ಮುಗಿಸುವಂಥದು. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದಾಗ ಹಳೆಯ ಚಿತ್ರಗಳು ಕಿರಾಣಿ ಅಂಗಡಿಯವರೆಗೆ ಬಂದವು. ಬೆಲೆ ಇಳಿಯಿತು, ಗುಣಮಟ್ಟದ ಮಾತು ಉಳಿಯಲಿಲ್ಲ. ಆ ಕಂಪನಿಯೇ 2018ರಲ್ಲಿ ಸಮಾಪನೆಗೆ ಹೋಯಿತು. ಹಳೆಯದಕ್ಕೆ ಹಣ ಹೂಡಿದ ಕೆಲವರು ಹಿಡಿದದ್ದು ಬಣ್ಣದ ದಾರಿ: ‘ಸತ್ಯ ಹರಿಶ್ಚಂದ್ರ’ (1965) 2008ರಲ್ಲಿ, ‘ಕಸ್ತೂರಿ ನಿವಾಸ’ (1971) 2014ರಲ್ಲಿ ಬಣ್ಣ ಬಳಿದುಕೊಂಡು ಚಿತ್ರಮಂದಿರಕ್ಕೆ ಮರಳಿದವು. ಜನ ನೋಡಿದರು, ಕಪ್ಪು ಬಿಳುಪನ್ನು ಹಾಗೆಯೇ ಶುದ್ಧಗೊಳಿಸಿ ಕೊಡಬಾರದಿತ್ತೇ ಎಂಬ ಸಂಗ್ರಾಹಕರ ಆಕ್ಷೇಪವನ್ನು ಯಾರೂ ಕೇಳಲಿಲ್ಲ.

ಹೊರದೇಶದ ಡಿಸ್ಕ್ ತರಿಸುವವರಿಗೆ ಒಂದು ವ್ಯಾವಹಾರಿಕ ತೊಡಕೂ ಇದೆ. ಬ್ಲೂ-ರೇಗೆ ವಲಯದ ಬೀಗ ಇರುತ್ತದೆ. ಅಮೆರಿಕ ‘ಎ’ ವಲಯ, ಬ್ರಿಟನ್ ‘ಬಿ’, ಭಾರತ ‘ಸಿ’. ಕ್ರೈಟೀರಿಯನ್ನಿನ ಬ್ಲೂ-ರೇ ಇಲ್ಲಿನ ಸಾಮಾನ್ಯ ಪ್ಲೇಯರ್‌ನಲ್ಲಿ ಓಡದಿರಲು ಇದೇ ಕಾರಣ. 4ಕೆ ಡಿಸ್ಕ್‌ಗಳಿಗೆ ಈ ಬೀಗವಿಲ್ಲ.

ಕಪಾಟಿನಲ್ಲಿರುವುದರ ಬೆಲೆ

ಹಾಗಾದರೆ ಮನೆಯ ಕಪಾಟಿನಲ್ಲಿರುವ ಹಳೆಯ ವಿಸಿಡಿಗೆ ಏನು ಬೆಲೆ? ಚಿತ್ರದ ಗುಣಮಟ್ಟದಿಂದ ಹೇಳುವುದಾದರೆ ಹೆಚ್ಚೇನಿಲ್ಲ. ವಿಸಿಡಿಯ ಚಿತ್ರ 352 ಅಡ್ಡ ಬಿಂದು, 288 ಉದ್ದ ಬಿಂದುಗಳದು. ಡಿವಿಡಿಯದು 720 ಮತ್ತು 576. ಒಂದು ವಿಸಿಡಿಯಲ್ಲಿ ಹಿಡಿಯುವುದು ಸುಮಾರು 74 ನಿಮಿಷ. ಎರಡೂವರೆ ತಾಸಿನ ಚಿತ್ರಕ್ಕೆ ಮೂರು ಡಿಸ್ಕ್ ಬೇಕು; ಎರಡರಲ್ಲೇ ತುರುಕಬೇಕೆಂದು ಕತ್ತರಿ ಆಡಿಸಿದ್ದೂ ಉಂಟು.

ಆದರೆ ನೆಗೆಟಿವ್ ನಾಶವಾಗಿ ಪ್ರಿಂಟೂ ಸಿಗದಿದ್ದಾಗ ಆ ಮಸುಕು ಪ್ರತಿಯೇ ಚಿತ್ರದ ಏಕೈಕ ಸಾಕ್ಷಿಯಾಗಿ ನಿಲ್ಲಬಹುದು. ಜರ್ಮನಿಯ ‘ಮೆಟ್ರೊಪೊಲಿಸ್’ನ (1927) ಕಳೆದುಹೋಗಿದ್ದ ಭಾಗಗಳು 2008ರಲ್ಲಿ ಅರ್ಜೆಂಟೀನಾದ ವಸ್ತುಸಂಗ್ರಹಾಲಯವೊಂದರಲ್ಲಿ ಸಿಕ್ಕಿದ್ದು ಗೀರು ತುಂಬಿದ 16 ಎಂ.ಎಂ. ಪ್ರತಿಯ ರೂಪದಲ್ಲಿ. ಗೀರುಗಳಿವೆಯೆಂದು ಯಾರೂ ಅದನ್ನು ತಿರಸ್ಕರಿಸಲಿಲ್ಲ.

ಕರಾವಳಿಯ ಹವೆ ಮಾತ್ರ ಇದಕ್ಕೆಲ್ಲ ಶತ್ರು. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಈ ಪಟ್ಟಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಸೆಟ್ಟಿನ ಟೇಪಿಗೆ ಬೂಸಲು ಹಿಡಿಯುತ್ತದೆ. ಡಿಸ್ಕ್‌ನ ಲೇಪನದೊಳಕ್ಕೆ ತೇವ ಇಳಿದರೆ ಹೊಳಪಿನ ಪದರ ಕಂದುತ್ತದೆ. ಬೂಸಲು ಹಿಡಿದ ಟೇಪನ್ನು ಶುಚಿಗೊಳಿಸದೆ ಯಂತ್ರಕ್ಕೆ ಹಾಕಿದರೆ ಟೇಪೂ ಹೋಗುತ್ತದೆ, ಯಂತ್ರವೂ ಕೆಡುತ್ತದೆ.

ಹೊಸ ಚಿತ್ರಗಳಾದರೆ ಈ ಭಯವಿಲ್ಲ ಎನ್ನುವಂತಿಲ್ಲ. ಕುಮಟಾ ತಾಲೂಕಿನ ಗೋಕರ್ಣದ ಜಯಂತ ಕಾಯ್ಕಿಣಿ ಅವರ ಕಥೆ ‘ಹಾಲಿನ ಮೀಸೆ’ಯನ್ನು ಆಧರಿಸಿ ಕಾಸರವಳ್ಳಿ ಮಾಡಿದ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ (2020) ವಿಸಿಡಿ ಅಂಗಡಿಗಳೆಲ್ಲ ಮುಚ್ಚಿದ ಮೇಲೆ ಬಂದ ಚಿತ್ರ. ಅಂಥ ಚಿತ್ರಕ್ಕೆ ಕಪಾಟಿನಲ್ಲಿಡುವ ಕಳಪೆ ಪ್ರತಿಯ ಆಸರೆಯೂ ಇಲ್ಲ.

ಸಂಗ್ರಾಹಕರು ಊಹೆಯ ನಡುವೆ ಮಾಡಬಹುದಾದ ಉಪಯುಕ್ತ ಕೆಲಸವೊಂದಿದೆ. ಚಿತ್ರದ ಆರಂಭದಲ್ಲಿ ಕ್ಷಣಕಾಲ ಕಾಣುವ ಸೆನ್ಸಾರ್ ಪ್ರಮಾಣಪತ್ರವನ್ನು ನಿಲ್ಲಿಸಿ ಓದಿದರೆ ಪ್ರಮಾಣಪತ್ರದ ದಿನಾಂಕ, ರೀಲುಗಳ ಸಂಖ್ಯೆ, ಮೀಟರ್‌ಗಳಲ್ಲಿ ಚಿತ್ರದ ಉದ್ದ ತಿಳಿಯುತ್ತದೆ. 35 ಎಂ.ಎಂ. ಫಿಲ್ಮ್ ನಿಮಿಷಕ್ಕೆ ಸುಮಾರು 27.4 ಮೀಟರ್ ಓಡುತ್ತದೆ. ಪತ್ರದಲ್ಲಿ 4,000 ಮೀಟರ್ ಎಂದಿದ್ದರೆ ಚಿತ್ರ ಸುಮಾರು 146 ನಿಮಿಷದ್ದು. ನಮ್ಮ ದೇಶದ ವಿಡಿಯೊ ಪದ್ಧತಿ ಸೆಕೆಂಡಿಗೆ 24ರ ಬದಲು 25 ಚೌಕಟ್ಟು ಓಡಿಸುವುದರಿಂದ ವಿಸಿಡಿಯಲ್ಲಿ ಅದು 140 ನಿಮಿಷ ಇರಬೇಕು. ಕೈಲಿರುವ ಪ್ರತಿ 118 ನಿಮಿಷಕ್ಕೇ ಮುಗಿದರೆ 22 ನಿಮಿಷದ ದೃಶ್ಯಗಳು ಎಲ್ಲೋ ಬಿದ್ದುಹೋಗಿವೆ. ಅದೇ ಚಿತ್ರದ ಇನ್ನೊಂದು ಕಂಪನಿಯ ಡಿಸ್ಕ್ ಹೊನ್ನಾವರದಲ್ಲೋ ಕುಮಟೆಯಲ್ಲೋ ಯಾರ ಬಳಿಯಾದರೂ ಇದ್ದರೆ, ಅದರಲ್ಲಿ ಆ ದೃಶ್ಯಗಳಿವೆಯೇ ಎಂದು ಹೋಲಿಸಿ ನೋಡಬಹುದು.