ಹಿರಿಯರ ಅಂಗೈಯ ಅಚ್ಚು: ಮನೆಯಲ್ಲಿ ಎಚ್ಚರವಿರಲಿ

ನಿತ್ಯವೂ ಇಷ್ಟಲಿಂಗವನ್ನಿರಿಸಿಕೊಂಡು ಪೂಜಿಸಿದ ಅಜ್ಜಿಯ ಎಡ ಅಂಗೈ, ಈಗಷ್ಟೇ ಹೆಜ್ಜೆಯಿಡಲು ಕಲಿತ ಮೊಮ್ಮಗುವಿನ ಪಾದ – ಇವುಗಳ ರೂಪವನ್ನು ಅಚ್ಚಿನಲ್ಲಿ ಉಳಿಸಿಕೊಳ್ಳಬೇಕೆಂಬ ಆಸೆ ಸಹಜವಾದುದು. ನಮ್ಮ ನಂದಿನಿ ಲೇಔಟ್‌ನ ಮನೆಗಳಲ್ಲಿಯೂ ಈ ಮಾತು ಕೇಳಿಬರುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಸುಲಭವಾಗಿ ದೊರೆಯುವ ಪುಡಿ. ಮೂಳೆ ಮುರಿದಾಗ ವೈದ್ಯರೇ ಅದನ್ನು ಕಟ್ಟುವುದರಿಂದ, ಅದರಲ್ಲಿ ಕೈಯಿಟ್ಟರೆ ಏನಾದೀತು ಎಂದು ಭಾವಿಸುವವರುಂಟು. ಅಪಾಯಕ್ಕೆ ಈ ಭಾವನೆಯೇ ಮೂಲವೆಂಬುದನ್ನು ಓದುಗ ಬಂಧುಗಳ ಗಮನಕ್ಕೆ ತರಬಯಸುತ್ತೇವೆ.

2007ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್ ಪ್ರಾಂತದ ಶಾಲೆಯೊಂದರಲ್ಲಿ, ಕಲಾ ತರಗತಿಯ 16 ವರ್ಷದ ಬಾಲಕಿಯೊಬ್ಬಳು ತನ್ನ ಕೈಗಳ ಅಚ್ಚು ತೆಗೆಯಲೆಂದು ಅವನ್ನು ಪ್ಲಾಸ್ಟರಿನಲ್ಲಿ ಹುದುಗಿಸಿದಳು. ಪ್ಲಾಸ್ಟರು ಕಾಯುತ್ತ ಗಟ್ಟಿಯಾಯಿತು, ಕೈಗಳು ಹೊರಬರಲಿಲ್ಲ. ಆಕೆ ತನ್ನ ಬಹುತೇಕ ಬೆರಳುಗಳನ್ನು ಕಳೆದುಕೊಂಡಳು.

ಇದರ ಕಾರಣ ಸರಳ. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅದರೊಳಗಿನ ನೀರಿನ ಮುಕ್ಕಾಲು ಪಾಲನ್ನು ತೆಗೆದಾಗ ಈ ಪುಡಿ ದೊರೆಯುತ್ತದೆ. ಮತ್ತೆ ನೀರು ಕೂಡಿದೊಡನೆ ಅದು ಶಾಖವನ್ನು ಹೊರಸೂಸುತ್ತ ಕಲ್ಲಾಗುತ್ತದೆ. ವೈದ್ಯರ ತೆಳುಪಟ್ಟಿಯಲ್ಲಿ ಆ ಶಾಖ ಗಾಳಿಗೆ ಹೋಗುತ್ತದೆ. ದಪ್ಪ ಮುದ್ದೆಯಲ್ಲಿ ಒಳಗೇ ನಿಂತು 60 ಡಿಗ್ರಿಯವರೆಗೂ ಏರಬಲ್ಲದು.

ಆದುದರಿಂದ ಮೈಗೆ ಪ್ಲಾಸ್ಟರನ್ನು ತಾಗಿಸದಿರುವುದೇ ಲೇಸು. ದಂತವೈದ್ಯರು ಹಲ್ಲಿನ ಅಚ್ಚಿಗೆ ಬಳಸುವ ಆಲ್ಜಿನೇಟ್ ಎಂಬ, ಕಡಲಕಳೆಯಿಂದ ತಯಾರಾಗುವ ಪುಡಿ ಇದೆ. ಅದನ್ನು ಪೊಟ್ಟಣದಲ್ಲಿ ಹೇಳಿದ ಅಳತೆಯಂತೆ ತಣ್ಣೀರಿನಲ್ಲಿ ಕಲಸಿ, ಪಾತ್ರೆಗೆ ಸುರಿದು, ಉಂಗುರ ಬಳೆಗಳನ್ನು ತೆಗೆದ ಕೈಯನ್ನು ಅಲುಗದಂತೆ ಅದರಲ್ಲಿಡಬೇಕು. ಕೆಲವೇ ನಿಮಿಷಗಳಲ್ಲಿ ಅದು ರಬ್ಬರಿನಂತೆ ಮೆತ್ತಗೆ ಕಟ್ಟುತ್ತದೆ. ಬೆರಳುಗಳನ್ನು ಮೆಲ್ಲನೆ ಆಡಿಸಿದರೆ ಕೈ ಹೊರಬರುತ್ತದೆ. ಉಳಿದ ಪೊಳ್ಳಿಗೆ ಕೂಡಲೇ ಪ್ಲಾಸ್ಟರನ್ನು ಸುರಿಯಬೇಕು. ತಡವಾದರೆ ಆಲ್ಜಿನೇಟ್ ಒಣಗಿ ಕುಗ್ಗುತ್ತದೆ. ಪ್ಲಾಸ್ಟರು ಗಟ್ಟಿಯಾಗಿ ತಣಿದ ಮೇಲೆ ಹೊರಗಿನ ಆಲ್ಜಿನೇಟನ್ನು ಬಿಡಿಸಿದರೆ ಅಂಗೈಯ ಗೆರೆಗಳೂ ಮೂಡಿರುತ್ತವೆ.

ಪುಡಿಯ ಧೂಳು ಒಳಹೋಗದಂತೆ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಿರಿ. ಮಿಕ್ಕ ಪ್ಲಾಸ್ಟರನ್ನು ಚರಂಡಿಗೆ ಸುರಿಯದಿರಿ. ಕೊಳವೆಯಲ್ಲಿಯೇ ಅದು ಕಲ್ಲಾಗುತ್ತದೆ. ಮುಖದ ಅಚ್ಚಿಗೆ ಮನೆಯಲ್ಲಿ ಕೈಹಾಕದಿರುವುದೇ ಕ್ಷೇಮ. ಸಕ್ಕರೆ ಕಾಯಿಲೆಯ ಹಿರಿಯರಿಗೆ ಕೈಕಾಲುಗಳಲ್ಲಿ ಸ್ಪರ್ಶಜ್ಞಾನ ಕುಂದಿರಬಹುದು. ಬಿಸಿ ತಾಗಿದುದು ಅವರಿಗೆ ತಿಳಿಯದೆ ಹೋದೀತು. ಮಗುವಂತೂ ಅಳಬಲ್ಲುದೇ ಹೊರತು ಹೇಳಲಾರದು. ಇವರ ವಿಷಯದಲ್ಲಿ ಇಮ್ಮಡಿ ಎಚ್ಚರ ಅಗತ್ಯ.

ಅಕಸ್ಮಾತ್ ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಿರಿ. ಮಂಜುಗಡ್ಡೆ, ತುಪ್ಪ, ಟೂತ್‌ಪೇಸ್ಟ್ ಸಲ್ಲದು. ಕೂಡಲೇ ವೈದ್ಯರನ್ನು ಕಾಣಿರಿ. ಅಗತ್ಯವಾದರೆ 108ಕ್ಕೆ ಕರೆಮಾಡಿರಿ. ನಗರದ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಗೆ ಪ್ರತ್ಯೇಕ ವಿಭಾಗವೇ ಇದೆ.

ಕಾಯವನ್ನು ಗುಡಿಯೆಂದು ಕಂಡ ಶರಣರ ಪರಂಪರೆ ನಮ್ಮದು. ಅಜ್ಜಿಯ ಅಂಗೈಯ ನೆನಪು ಮನೆಯಲ್ಲಿ ಉಳಿಯಲಿ. ಅದಕ್ಕಾಗಿ ಆ ಅಂಗೈ ನೋಯದಿರಲಿ.